ನಡುಕೋಣೆಯ ಆಂಪ್ಲಿ

ನಮ್ಮ ಮನೆ ಪಾಲಾದಾಗ ಎರಡನ್ನು ಬಿಟ್ಟು ಮಿಕ್ಕಿದ್ದೆಲ್ಲ ಎರಡಾಯಿತು. ಪಾಲಾಗದೆ ಉಳಿದದ್ದು ಅಜ್ಜಿ ಮತ್ತು ಆಂಪ್ಲಿಫೈಯರ್. ಹೊಲದ ನಡುವೆ ಬದು ಬಂತು, ತೊಟ್ಟಿಯಂಗಳದ ನಡುವೆ ಎದೆಮಟ್ಟದ ಗೋಡೆ ಎದ್ದಿತು. ಒರಳುಕಲ್ಲು ದೊಡ್ಡಪ್ಪನ ಕಡೆಗೆ ಹೋಯಿತು, ಬೀಸುಕಲ್ಲು ನಮ್ಮ ಕಡೆಗೆ ಬಂತು. ಹಾಗಾಗಿ ಬಹಳ ದಿನ ನಮ್ಮಲ್ಲಿ ಚಟ್ನಿ ಇರಲಿಲ್ಲ, ಅವರಲ್ಲಿ ಹಿಟ್ಟು ಇರಲಿಲ್ಲ. ಜಗಳದ ಮೂಲವೇನು ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಸೊಪ್ಪು ಕಾಯಿಸಿ ಒಣಗಿಸುವ ಬ್ಯಾರನ್ ಗೂಡಿನ ತುಂಬ ಇದ್ದ ಹೊಗೆಸೊಪ್ಪು ಕಾವು ಹೆಚ್ಚಾಗಿ ಕಪ್ಪಾಯಿತು, ಅಷ್ಟೆ. ಆ ಹೊತ್ತು ಸೌದೆ ಒಟ್ಟುವ ಸರದಿ ಯಾರದಾಗಿತ್ತು ಅನ್ನುವ ಮಾತು ಬೆಳೆದು, ಬೆಳೆಯಬಾರದಷ್ಟು ಬೆಳೆದು, ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಣ್ಣತಮ್ಮಂದಿರು ಮಾತು ಬಿಟ್ಟರು. ದೊಡ್ಡಪ್ಪ ಹಟಮಾರಿ. ನಮ್ಮಪ್ಪನೂ ಏನು ಕಡಿಮೆ ಇರಲಿಲ್ಲ. ಬರೆಯುವವಳು ಮಗಳು ಅಂದಮಾತ್ರಕ್ಕೆ ಅವನನ್ನು ದೇವರು ಮಾಡುವ ಇರಾದೆ ನನಗಿಲ್ಲ.

ಅಜ್ಜಿ ಇದ್ದದ್ದು ನಡುಕೋಣೆಯಲ್ಲಿ. ಮೊದಲು ಅದು ರಾಗಿ ಇಡುವ ಕೋಣೆ. ಎರಡು ಕಡೆಗೂ ಒಂದೊಂದು ಬಾಗಿಲು. ಗೋಡೆ ಎಬ್ಬಿಸುವಾಗ ಆ ಕೋಣೆಯನ್ನು ಯಾರ ಪಾಲಿಗೆ ಸೇರಿಸುವುದು ಎಂದು ಪಂಚಾಯಿತಿಗೆ ಕೂತವರಿಗೂ ತಿಳಿಯಲಿಲ್ಲ. "ನಾನು ಇರೋಗಂಟ ಅದು ನನ್ನದು, ಆಮ್ಯಾಕೆ ಏನಾರಾ ಮಾಡ್ಕಳಿ" ಎಂದು ಅಜ್ಜಿ ಮಂಚ ಹಾಕಿಕೊಂಡು ಕೂತುಬಿಟ್ಟಳು. ಒಂದು ಸೋಮವಾರದಿಂದ ಮುಂದಿನ ಸೋಮವಾರದವರೆಗೆ ನಮ್ಮ ಕಡೆ ಊಟ, ಆಮೇಲೆ ಅವರ ಕಡೆ. ಸೋಮವಾರ ಬೆಳಿಗ್ಗೆ ತನ್ನ ಹಿತ್ತಾಳೆ ತಟ್ಟೆಯನ್ನು ತಾನೇ ಎತ್ತಿಕೊಂಡು ಬಾಗಿಲು ಬದಲಿಸುತ್ತಿದ್ದಳು. ನಮ್ಮವ್ವನ ಎದುರು ಕೂತು ದೊಡ್ಡವ್ವನ ಬಸ್ಸಾರನ್ನು ಹೊಗಳುವುದು, ದೊಡ್ಡವ್ವನ ಎದುರು ನಮ್ಮವ್ವನ ಹುರುಳಿಕಾಳಿನ ಸಾರನ್ನು ಹೊಗಳುವುದು ಅವಳ ಪದ್ಧತಿ. ಇದರಿಂದ ಸೊಸೆಯಂದಿರಿಬ್ಬರಿಗೂ ಮೈ ಉರಿಯುತ್ತಿತ್ತು, ಆದರೆ ಸಾರು ಮಾತ್ರ ಎರಡೂ ಕಡೆ ವಾರದಿಂದ ವಾರಕ್ಕೆ ರುಚಿಯಾಗುತ್ತ ಹೋಯಿತು.

ಆಂಪ್ಲಿ ಇದ್ದದ್ದೂ ಆ ಕೋಣೆಯಲ್ಲೇ, ಅಜ್ಜಿಯ ತಲೆದೆಸೆಯ ಮರದ ಪೆಟ್ಟಿಗೆಯ ಮೇಲೆ. ಮನೆ ಒಂದಾಗಿದ್ದ ಕಾಲದಲ್ಲಿ, ಸೊಪ್ಪಿಗೆ ಒಳ್ಳೆಯ ಬೆಲೆ ಬಂದ ವರ್ಷ, ಅಣ್ಣತಮ್ಮ ಇಬ್ಬರೂ ಬೈಲಕುಪ್ಪೆಗೆ ಹೋಗಿ ಅದನ್ನು ತಂದಿದ್ದರು. ಅಲ್ಲಿ ಟಿಬೆಟ್ಟಿನವರ ಕ್ಯಾಂಪಿನ ಅಂಗಡಿಯೊಂದರಲ್ಲಿ ಜಪಾನಿನ ಸ್ಟೀರಿಯೋ ಇದೆ ಎಂದು ಯಾರೋ ಹೇಳಿದ್ದರಂತೆ. ಬೆಳ್ಳಿಯ ಬಣ್ಣದ ಮುಖ, ಎರಡು ಪಕ್ಕಕ್ಕೆ ಮರದ ಹಲಗೆ, ಮೇಲೆ ಕಾವು ಹೋಗಲು ಸೀಳುಸೀಳು ಕಿಂಡಿ, ಜೊತೆಗೆ ಕ್ಯಾಸೆಟ್ ಹಾಕುವ ಒಂದು ಪೆಟ್ಟಿಗೆ ಮತ್ತು ಮೊಣಕಾಲೆತ್ತರದ ಎರಡು ಸ್ಪೀಕರ್ ಬಾಕ್ಸು. ಪಾಲಿನ ದಿನ ದೊಡ್ಡಪ್ಪ ಒಂದು ಬಾಕ್ಸನ್ನು ಎತ್ತಿಕೊಂಡು ತನ್ನ ಪಡಸಾಲೆಗೆ ಹೋದ, ಅಪ್ಪ ಇನ್ನೊಂದನ್ನು ನಮ್ಮ ಪಡಸಾಲೆಗೆ ತಂದ. ಆಂಪ್ಲಿಯನ್ನು ಗರಗಸದಿಂದ ಕೊಯ್ಯಲು ಬರುವುದಿಲ್ಲವಲ್ಲ, ಅದು ಅಜ್ಜಿಯ ಹತ್ತಿರವೇ ಉಳಿಯಿತು. ಅದರ ಬೆನ್ನಿನಿಂದ ಎರಡು ಉದ್ದನೆಯ ತಂತಿ ಹೊರಟು, ಒಂದು ಆ ಬಾಗಿಲ ಮೇಲಿಂದ, ಒಂದು ಈ ಬಾಗಿಲ ಮೇಲಿಂದ ಹಾದು ಹೋದವು. ಆಯುಧಪೂಜೆಯ ದಿನ ಎರಡೂ ಮನೆಯವರು ಬೇರೆಬೇರೆ ಹೊತ್ತಿನಲ್ಲಿ ಬಂದು ಅದಕ್ಕೆ ವಿಭೂತಿ ಬಳಿದು ಹೂವು ಮುಡಿಸುತ್ತಿದ್ದರು.

ಸ್ಟೀರಿಯೋ ಅಂದರೆ ಏನು ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡು ಬಾಕ್ಸಿಗೂ ಒಂದೇ ಹಾಡು ಬರುತ್ತದೆ ಎಂದೇ ತಿಳಿದಿದ್ದೆವು. ಹಾಗಲ್ಲ. ನಮ್ಮ ಬಾಕ್ಸಿನಲ್ಲಿ ಪಿಟೀಲು, ಕೊಳಲು ಎದ್ದು ಕೇಳುತ್ತಿದ್ದವು, ಅವರ ಬಾಕ್ಸಿನಲ್ಲಿ ತಬಲ ಮತ್ತು ಹಿಮ್ಮೇಳದವರ ದನಿ. ನಾನು ಕಲಿತ ಹಾಡುಗಳಲ್ಲಿ ತಾಳವೇ ಇರಲಿಲ್ಲ. ದೊಡ್ಡಪ್ಪ ಕೊಳಲೇ ಇಲ್ಲದ ಹಾಡಿಗೆ ತೊಡೆ ತಟ್ಟುತ್ತ ಕೂರುತ್ತಿದ್ದ. ಸಂಜೆ ಆರು ಗಂಟೆಗೆ ಅಜ್ಜಿ ತನಗಿಷ್ಟ ಬಂದ ಕ್ಯಾಸೆಟ್ಟು ಹಾಕಿ ಗುಂಡಿ ಒತ್ತುತ್ತಿದ್ದಳು. ಅವಳು ಹಾಕಿದ್ದನ್ನೇ ಎರಡು ಮನೆಯವರೂ ಕೇಳಬೇಕು. ಎರಡೂ ಬಾಗಿಲು ತೆರೆದಿಟ್ಟು ನಡುವೆ ಮಂಚದ ಮೇಲೆ ಅವರೆಕಾಯಿ ಸುಲಿಯುತ್ತ ಕೂತ ಅವಳೊಬ್ಬಳಿಗೆ ಮಾತ್ರ ಇಡೀ ಹಾಡು ಕೇಳುತ್ತಿತ್ತು. ಇದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಐ.ಟಿ.ಐ.ಯಲ್ಲಿ ಹುಡುಗರಿಗೆ ಪಾಠ ಹೇಳುತ್ತಿದ್ದಾಗ. ಬೋರ್ಡಿನ ಮೇಲೆ ಎಡ, ಬಲ ಎಂದು ಬರೆದು ಸೀಮೆಸುಣ್ಣ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ, ಗೋಡೆ ಎದ್ದ ಎರಡನೇ ವರ್ಷ, ಒಂದು ಸಂಜೆ ದೊಡ್ಡಪ್ಪನ ಬಾಕ್ಸು ಸುಮ್ಮನಾಯಿತು. ಮೊದಲು ಎರಡು ದಿನ ಕರಕರ ಅಂದಿತಂತೆ, ಮೂರನೆಯ ದಿನ ಉಸಿರೇ ಇಲ್ಲ. ನಮ್ಮದು ಮಾತ್ರ ಚೆನ್ನಾಗಿ ಹಾಡುತ್ತಿತ್ತು. ದೊಡ್ಡಪ್ಪ ತನ್ನ ಬಾಗಿಲಿಂದ ನಡುಕೋಣೆಗೆ ಬಂದ. ಅಪ್ಪ ನಮ್ಮ ಬಾಗಿಲಲ್ಲೇ ನಿಂತಿದ್ದ. ಇಬ್ಬರ ನಡುವೆ ನಾಲ್ಕು ಮಾರು ಅಂತರವಿಲ್ಲ, ಆದರೆ ಮಾತು ಅಜ್ಜಿಯ ಮೂಲಕವೇ ಹೋಗಬೇಕು.

"ನನ್ ಬಾಕ್ಸು ಉಸ್ರಾಡ್ತಿಲ್ಲ ಕಣವ್ವ. ಕಿತ್ತಿರೋ ತಂತೀನ ಸುಮ್ಕೆ ಕಟ್ಬುಡಕ್ಕೆ ಯೋಳು ಆ ಕಡೆಯೋರ್ಗೆ."

"ನಾನ್ಯಾಕೆ ಕೀಳ್ಲಿ? ಅವರ ಬಾಕ್ಸಿಗೆ ಇಲಿ ಒಕ್ಕಿರಬೇಕು, ನೋಡ್ಕಳಕ್ಕೆ ಯೋಳವ್ವ."

"ನಾನೇನು ಪೋಸ್ಟಾಪೀಸಾ?" ಅಂದಳು ಅಜ್ಜಿ. "ಇಬ್ರಿಗೂ ಬಾಯಿ ಬಿದ್ದೋಗದಾ?"

ದೊಡ್ಡಪ್ಪ ತನ್ನ ಬಾಗಿಲ ಚೌಕಟ್ಟಿಗೆ ಕೈ ಬಡಿದ. ಸೋಮವಾರ ಗಾರೆಯವನನ್ನು ಕರೆಸುತ್ತೇನೆ, ನನ್ನ ಕಡೆಯ ಬಾಗಿಲಿಗೆ ಇಟ್ಟಿಗೆ ಕಟ್ಟಿಸುತ್ತೇನೆ ಅಂದ. ಅವ್ವ ಯಾವ ಕಡೆ ಇರುತ್ತಾಳೋ ಅವಳೇ ಹೇಳಲಿ, ಇತ್ತ ಇದ್ದರೆ ಇತ್ತಲೇ, ಅತ್ತ ಇದ್ದರೆ ಅತ್ತಲೇ, ಈ ಎರಡು ದೋಣಿಯ ಮೇಲಿನ ಕಾಲು ಸಾಕು ಅಂದ. ಅಂದಂತೆಯೇ ಮಾರನೆಯ ದಿನ ಒಂದು ಗಾಡಿ ಇಟ್ಟಿಗೆ ಅವನ ಅಂಗಳಕ್ಕೆ ಬಂದು ಬಿತ್ತು. ಆ ಮಧ್ಯಾಹ್ನ ಅಜ್ಜಿ ಊಟ ಮಾಡಲಿಲ್ಲವಂತೆ. ಅವಳು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ; ನಾನು ಸ್ಕೂಲಿನಿಂದ ಬಂದಾಗ ಶಬ್ದವಿಲ್ಲದೆ, ಸೆರಗಿನ ಚುಂಗಿನಿಂದ ಮೂಗು ಒರೆಸಿಕೊಳ್ಳುತ್ತ ಕೂತಿದ್ದಳು. ನನಗೆ ಅವತ್ತು ಅಪ್ಪನ ಮೇಲೂ ದೊಡ್ಡಪ್ಪನ ಮೇಲೂ ಒಂದೇ ಸಮ ಕೋಪ ಬಂತು.

ಚೀಲ ಇಟ್ಟು ಆಂಪ್ಲಿಯ ಮುಂದೆ ಕೂತೆ. ವಿದ್ಯೆ ಏನೂ ಇರಲಿಲ್ಲ, ಗೊತ್ತಿದ್ದದ್ದು ಟಾರ್ಚು ಒಂದೇ. ಟಾರ್ಚು ಹತ್ತದಿದ್ದರೆ ನಮ್ಮವ್ವ ಸೆಲ್ಲು ಬದಲಿಸಿ ನೋಡುತ್ತಿದ್ದಳು, ಅದಕ್ಕೂ ಹತ್ತದಿದ್ದರೆ ಬಲ್ಬು ಬದಲಿಸುತ್ತಿದ್ದಳು. ಕೆಟ್ಟದ್ದು ಯಾವುದೆಂದು ಹಾಗೆ ಸಿಕ್ಕಿಬೀಳುತ್ತಿತ್ತು. ಇದನ್ನೂ ಬದಲಿಸಿ ನೋಡಿದರೇನು ಅನ್ನಿಸಿತು. ಆಂಪ್ಲಿಯ ಬೆನ್ನಿನಲ್ಲಿ ತಂತಿ ಸಿಕ್ಕಿಸುವ ಎರಡು ಜೊತೆ ತೂತುಗಳಿದ್ದವು. ದೊಡ್ಡಪ್ಪನ ತಂತಿ ಬಿಡಿಸಿ ನಮ್ಮದರ ಜಾಗಕ್ಕೆ ಸಿಕ್ಕಿಸಿದೆ, ನಮ್ಮದನ್ನು ಅವರದರ ಜಾಗಕ್ಕೆ. ಕ್ಯಾಸೆಟ್ಟು ಹಾಕಿ ಗುಂಡಿ ಒತ್ತಿದೆ. ದೊಡ್ಡಪ್ಪನ ಪಡಸಾಲೆಯಲ್ಲಿ ಹಾಡು ಭೋರ್ ಎಂದು ಎದ್ದಿತು, ನಮ್ಮ ಕಡೆ ಸದ್ದಿಲ್ಲ. ಅರೆನಿಮಿಷದಲ್ಲಿ ಎರಡು ಬಾಗಿಲಲ್ಲೂ ಇಬ್ಬರು ಹಾಜರು. ದೊಡ್ಡಪ್ಪನ ಮುಖ ಅರಳಿತ್ತು, ಅಪ್ಪನದು ಕೆಂಪಾಗಿತ್ತು.

"ಏನ್ ಮಾಡ್ದೆ ನೀನು?" ಅಪ್ಪ ಗದರಿದ.

"ತಂತಿ ಅದಲುಬದಲು ಮಾಡ್ದೆ ಅಪ್ಪ. ದೊಡ್ಡಪ್ಪನ ಬಾಕ್ಸೂ ಸರಿಯಾಗದೆ, ತಂತೀನೂ ಸರಿಯಾಗದೆ. ಯಾರೂ ಏನೂ ಕಿತ್ತಿಲ್ಲ. ಕೆಟ್ಟಿರೋದು ಆಂಪ್ಲಿಯೊಳಗೆ."

ಇಬ್ಬರೂ ಬಗ್ಗಿ ಆಂಪ್ಲಿಯ ಬೆನ್ನು ನೋಡಿದರು. ಆಮೇಲೆ ದೊಡ್ಡಪ್ಪ, "ಒಳಗೆ ನನ್ ಕಡೇದೇ ಯಾಕೆ ಕೆಡ್ತು? ಕೇಳವ್ವ" ಅಂದು ತಿರುಗಿ ಹೊರಟುಹೋದ. ಆದರೆ ಅಜ್ಜಿಯ ಕಣ್ಣಿನಲ್ಲಿ ಆಗಲೇ ಏನೋ ಹೊಳೆದಿತ್ತು. ಶನಿವಾರ ಬೆಳಿಗ್ಗೆ ಆಂಪ್ಲಿಯನ್ನು ತನ್ನ ಕೌದಿಯಲ್ಲಿ ಸುತ್ತಿ, ನನ್ನನ್ನು ಸ್ಕೂಲು ತಪ್ಪಿಸಿ, ಪಿರಿಯಾಪಟ್ಟಣದ ಬಸ್ಸು ಹತ್ತಿಸಿದಳು. ಅಲ್ಲಿಂದ ಇನ್ನೊಂದು ಬಸ್ಸು ಬೈಲಕುಪ್ಪೆಗೆ. ಕಂಡಕ್ಟರು ಲಗೇಜು ಎಂದು ತಕರಾರು ತೆಗೆದ. "ಮಗೀನ ಮಡಿಲಲ್ಲಿ ಕೂರಿಸ್ಕಂಡ್ರೆ ಟಿಕೀಟು ಕೇಳ್ತೀಯಾ? ಇದೂ ಅಂಗೇಯ" ಎಂದು ಅಜ್ಜಿ ಆಂಪ್ಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಳು. ಅದರ ಭಾರಕ್ಕೆ ಇಳಿಯುವಾಗ ಅವಳಿಗೆ ಕಾಲು ಜೋಮು ಹಿಡಿದಿತ್ತು.

ಆಂಪ್ಲಿ ಮಾರಿದ ಅಂಗಡಿಯ ಪಕ್ಕದಲ್ಲೇ ನಾರ್ಬು ಅನ್ನುವವರ ರಿಪೇರಿ ಕೋಣೆ ಇತ್ತು. ಐವತ್ತರ ಹತ್ತಿರದ ಟಿಬೆಟ್ಟಿನ ಮನುಷ್ಯ, ಕನ್ನಡ ನಮ್ಮಷ್ಟೇ ಚೆನ್ನಾಗಿ ಆಡುತ್ತಿದ್ದರು. ಸುತ್ತಲ ಹಳ್ಳಿಗಳ ರೇಡಿಯೋಗಳೆಲ್ಲ ಅವರ ಗೋಡೆಯ ಹಲಗೆಯ ಮೇಲೆ ಸರದಿ ಕಾಯುತ್ತಿದ್ದವು. ನಾನು ತಂತಿ ಬದಲಿಸಿ ನೋಡಿದ್ದನ್ನು ಹೇಳಿದೆ. "ಅರ್ಧ ರಿಪೇರಿ ನೀನೇ ಮಾಡ್ಕೊಂಡು ಬಂದಿದ್ದೀಯಲ್ಲಮ್ಮ" ಅಂದರು. ನನ್ನ ಜನ್ಮದಲ್ಲಿ ಆಮೇಲೆ ಸಿಕ್ಕ ಸರ್ಟಿಫಿಕೇಟುಗಳಲ್ಲಿ ಒಂದೂ ಅಷ್ಟು ಖುಷಿ ಕೊಡಲಿಲ್ಲ. ಮುಚ್ಚಳ ಬಿಚ್ಚಿದಾಗ ಒಳಗಿನಿಂದ ನಮ್ಮ ಮನೆಯ ವಾಸನೆ ಬಂತು, ಒಣಗಿದ ಹೊಗೆಸೊಪ್ಪಿನದು. ಅವರು ಬ್ರಷ್ಷಿನಿಂದ ಧೂಳು ಗುಡಿಸಿ, ತಮ್ಮ ಎರಡು ಸಣ್ಣ ಬಾಕ್ಸು ಜೋಡಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದು ಜಾಗಕ್ಕೆ ಮುಟ್ಟಿಸುತ್ತ ಬಂದರು. ಮುಟ್ಟಿಸಿದ ಕಡೆ ಬಾಕ್ಸು ಗುಂಯ್ ಅಂದರೆ ಅಲ್ಲಿಂದ ಮುಂದಕ್ಕೆ ಎಲ್ಲ ಸರಿಯಿದೆ ಎಂದು ಲೆಕ್ಕ. ಕೊನೆಯಿಂದ ಶುರುಮಾಡಿ ಹಿಂದಕ್ಕೆ ಹಿಂದಕ್ಕೆ ಬರುತ್ತಿದ್ದರು. ಗುಂಯ್, ಗುಂಯ್, ಗುಂಯ್. ಮುಂಭಾಗದ ಒಂದು ಗುಂಡಿಯ ಹತ್ತಿರ ಬಂದಾಗ ಸದ್ದು ನಿಂತಿತು.

ಆ ಗುಂಡಿಯ ಕೆಲಸ ಏನೆಂದು ಅವರು ಹೇಳಿಕೊಟ್ಟರು. ಇತ್ತ ತಿರುಗಿಸಿದರೆ ಈ ಬಾಕ್ಸಿಗೆ ಸದ್ದು ಹೆಚ್ಚು, ಅತ್ತ ತಿರುಗಿಸಿದರೆ ಆ ಬಾಕ್ಸಿಗೆ ಹೆಚ್ಚು. ಅದನ್ನು ಕಿತ್ತು ತಗಡು ಬಿಚ್ಚಿ ತೋರಿಸಿದರು. ಒಳಗೆ ಕುದುರೆಲಾಳದ ಆಕಾರದ ಕಪ್ಪು ಪಟ್ಟಿ, ಅದರ ಮೇಲೆ ಉಜ್ಜಿಕೊಂಡು ಓಡಾಡುವ ಪುಟ್ಟ ತಗಡಿನ ನಾಲಗೆ. ನಡುಭಾಗದಲ್ಲಿ ಪಟ್ಟಿ ಸವೆದು ಬೆಳ್ಳಗಾಗಿತ್ತು, ದೊಡ್ಡಪ್ಪನ ಕಡೆಗೆ ಹೋಗುವ ಜಾಗದಲ್ಲಿ ಪೂರಾ ಕಿತ್ತುಹೋಗಿತ್ತು.

"ಸದ್ದು ಜಾಸ್ತಿ ಕಮ್ಮಿ ಮಾಡೋ ಗುಂಡಿ ಹೊಸದರ ಹಾಗಿದೆ," ಅಂದರು ನಾರ್ಬು. "ಇದನ್ನ ಜನ ತಂದ ದಿನ ಒಂದ್ಸಲ ತಿರುಗಿಸಿ ಮರೆತುಬಿಡ್ತಾರೆ. ಯಾರಜ್ಜಿ ಇದನ್ನ ಇಷ್ಟು ತಿರುಗಿಸಿರೋದು?"

ಅಜ್ಜಿ ತಲೆ ತಗ್ಗಿಸಿದಳು. ನನಗೂ ಅದು ಕಣ್ಣೆದುರೇ ನಡೆದಿತ್ತು, ಆದರೆ ಅರ್ಥವಾಗಿರಲಿಲ್ಲ. ದಿನಾ ಬೆಳಿಗ್ಗೆ ದೊಡ್ಡಪ್ಪ ತಾಯಿಯನ್ನು ಮಾತಾಡಿಸಲು ಬರುತ್ತಿದ್ದ; ಮಾತಾಡುತ್ತ ಆಡುತ್ತ ಅವನ ಕೈ ಆ ಗುಂಡಿಗೆ ಹೋಗಿ ತನ್ನ ಕಡೆಗೆ ಒಂದು ಕೂದಲೆಳೆ ತಿರುಗಿಸುತ್ತಿತ್ತು. ಅವನು ಹೋದಮೇಲೆ ಅಪ್ಪ ಬರುತ್ತಿದ್ದ, ಅವನ ಕೈಯೂ ಅಲ್ಲಿಗೇ. ಹೆತ್ತವಳ ಎದುರು ಅಲ್ಲವೇ, ಪೂರಾ ತಿರುಗಿಸಿ ಇನ್ನೊಬ್ಬನ ಬಾಯಿ ಮುಚ್ಚಿಸುವಷ್ಟು ಧೈರ್ಯ ಇಬ್ಬರಿಗೂ ಇರಲಿಲ್ಲ. ಕೂದಲೆಳೆ ಅತ್ತ, ಕೂದಲೆಳೆ ಇತ್ತ, ಎರಡು ವರ್ಷ.

"ನನ್ನ ಇಬ್ಬರು ಮಕ್ಳು ಕಣಪ್ಪ," ಅಂದಳು ಅಜ್ಜಿ. "ಸೇರ್ಕಂಡು ಸವೆಸವ್ರೆ. ಪಾಲಾದ ಮ್ಯಾಲೆ ಇಬ್ರೂ ಸೇರಿ ಮಾಡಿರೋದು ಇದೊಂದೇಯ."

ಆ ಗುಂಡಿಯ ಒಳಭಾಗ ಬೆಂಗಳೂರಿಗೆ ಬರೆದು ತರಿಸಬೇಕು, ಒಂದು ತಿಂಗಳಾದರೂ ಬೇಕು ಅಂದರು ನಾರ್ಬು. ನಾಡಿದ್ದು ಸೋಮವಾರ. ಅಂಗಳದಲ್ಲಿ ಇಟ್ಟಿಗೆ ಬಿದ್ದಿದೆ. ಅಜ್ಜಿ ಅದೆಲ್ಲವನ್ನೂ ಅವರ ಮುಂದೆ ಹೇಳಿಕೊಂಡಳು. ಸ್ವಂತ ಮಕ್ಕಳಿಗೆ ಹೇಳದ್ದನ್ನು ಗುರುತಿಲ್ಲದವರ ಮುಂದೆ ಹೇಳಿದಳು. ಒಂದೇ ಬಾಗಿಲು ಉಳಿದರೆ ಯಾವ ಮಗನ ಮುಖ ನೋಡಲಿ, ಯಾವನನ್ನು ಬಿಡಲಿ ಎಂದು ಕೇಳಿದಳು. ನಾರ್ಬು ಬಹಳ ಹೊತ್ತು ಆಂಪ್ಲಿಯ ಒಳಗೇ ನೋಡುತ್ತಿದ್ದರು.

"ಇನ್ನೊಂದು ದಾರಿ ಇದೆ ಅಜ್ಜಿ. ಈ ಗುಂಡೀನ ಬಿಟ್ಟು, ಪಕ್ಕದಿಂದಲೇ ಎರಡು ತುಂಡು ತಂತಿ ಹಾಕಿಬಿಡಬಹುದು. ಆಮೇಲೆ ಎರಡೂ ಕಡೆ ಯಾವಾಗಲೂ ಒಂದೇ ಸಮ. ಗುಂಡಿ ಇರುತ್ತೆ, ಆದರೆ ಅದರಿಂದ ಏನೂ ಆಗಲ್ಲ."

"ತಿರುಗ್ತದಾ?"

"ತಿರುಗುತ್ತೆ."

"ಅಷ್ಟೇ ಸಾಕು," ಅಂದಳು ಅಜ್ಜಿ. ಮೂರು ದಿನದಲ್ಲಿ ಮೊದಲ ಸಲ ನಕ್ಕಳು. "ಅವರಿಗೆ ತಿರುಗಿಸಕ್ಕೆ ಒಂದು ಬೇಕು ಅಷ್ಟೆ. ಹಾಕಪ್ಪ ತಂತೀಯ."

ಒಂದು ತಂತಿಯನ್ನು ನಾರ್ಬು ಹಾಕಿದರು. ಇನ್ನೊಂದಕ್ಕೆ ಸೋಲ್ಡರಿಂಗ್ ಕಡ್ಡಿಯನ್ನು ನನ್ನ ಕೈಗೆ ಕೊಟ್ಟರು. ಸೀಸ ಕರಗಿ, ಒಂದು ಕ್ಷಣ ಹೊಳೆದು, ಮಂಕಾಗಿ ಹಿಡಿದುಕೊಳ್ಳುವುದನ್ನು ಮೊದಲು ನೋಡಿದ್ದು ಅಲ್ಲಿ. ಬೆಸುಗೆ ಅಂಕುಡೊಂಕಾಗಿತ್ತು, ಆದರೆ ನಿಂತಿತು. ಈಗಲೂ ಹುಣಸೂರಿನ ನಮ್ಮ ಮನೆಗೆ ಹಳೆಯ ಆಂಪ್ಲಿಗಳನ್ನು ಹೊತ್ತುಕೊಂಡು ಬರುತ್ತಾರೆ, ಹೆಚ್ಚಿನವರು ಚಿಕ್ಕ ವಯಸ್ಸಿನವರು, ಅಜ್ಜನದು ಅಪ್ಪನದು ಎಂದು. ನಾನು ಕನ್ನಡಕ ಏರಿಸಿ ಸ್ಕ್ರೂಡ್ರೈವರಿನ ತುದಿಯನ್ನು ಕೊನೆಯಿಂದ ಹಿಂದಕ್ಕೆ ಮುಟ್ಟಿಸುತ್ತ ಬರುತ್ತೇನೆ. ಮೀಟರು ಮೇಜಿನ ಮೇಲೇ ಇರುತ್ತದೆ, ಆದರೂ ಆ ಅಭ್ಯಾಸ ಹೋಗಿಲ್ಲ.

ಬೈಲಕುಪ್ಪೆಯಿಂದ ವಾಪಸಾದ ಸಂಜೆ ಆರಕ್ಕೆ ಎರಡು ಪಡಸಾಲೆಯಲ್ಲೂ ಹಾಡು ಬಂತು. ಸೋಮವಾರ ಬಂದ ಗಾರೆಯವನಿಗೆ ದೊಡ್ಡಪ್ಪ ದನದ ಕೊಟ್ಟಿಗೆಯ ಬಿದ್ದ ಗೋಡೆ ತೋರಿಸಿದ; ಮಿಕ್ಕ ಇಟ್ಟಿಗೆ ಅಂಗಳದಲ್ಲೇ ಉಳಿಯಿತು. ಮಂಗಳವಾರ ಬೆಳಿಗ್ಗೆ ಅವನು ತಾಯಿಯನ್ನು ಮಾತಾಡಿಸಲು ಬಂದ, ಕೈ ಗುಂಡಿಗೆ ಹೋಯಿತು, ಕೂದಲೆಳೆ ತಿರುಗಿತು. "ಈಗ ಸರ್ಯಾಗಿ ಕೇಳ್ತದೆ ಕಣವ್ವ" ಅಂದ. ಅವನು ಹೋದಮೇಲೆ ಅಪ್ಪ ಬಂದು ತಿರುಗಿಸಿ ಅದೇ ಮಾತು ಹೇಳಿದ. ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಹೀಗೇ ಒಂದು ವರ್ಷ ನಡೆಯಿತು. ನಾನು ಆ ಗುಟ್ಟನ್ನು ನಮ್ಮವ್ವನಿಗೂ ಹೇಳಲಿಲ್ಲ.

ಮುಂದಿನ ಮಳೆಗಾಲದಲ್ಲಿ ಅಪ್ಪನಿಗೆ ಕಾಮಾಲೆ ಆಯಿತು. ಕಣ್ಣು, ಉಗುರು ಎಲ್ಲ ಹಳದಿ. ಉಪ್ಪಿಲ್ಲದ ಗಂಜಿ ಕುಡಿದು ಪಡಸಾಲೆಯಲ್ಲಿ ಮಲಗಿದವನು ಎರಡು ವಾರವಾದರೂ ಏಳಲಿಲ್ಲ. ನೋಡಲು ಬಂದವರು ಹೊರಗೆ ನಿಂತು ನಮ್ಮವ್ವನ ಹತ್ತಿರ ದನಿ ತಗ್ಗಿಸಿ ಮಾತಾಡುತ್ತಿದ್ದರು. ದೊಡ್ಡಪ್ಪ ನೋಡಲು ಬರಲಿಲ್ಲ. ಬೆಳಿಗ್ಗೆ ನಡುಕೋಣೆಗೆ ಬಂದು, ಯಾರು ಎಂದು ಹೆಸರು ಹಿಡಿಯದೆ, "ಉಂಡ್ನಾ?" ಎಂದು ಕೇಳುತ್ತಿದ್ದ. ಅಜ್ಜಿ ಇಲ್ಲ ಎಂದು ತಲೆಯಾಡಿಸಿದರೆ ತನ್ನ ಬಾಗಿಲಿಗೆ ತಿರುಗುತ್ತಿದ್ದ.

ಒಂದು ಸಂಜೆ ನಾನು ಕ್ಯಾಸೆಟ್ಟು ಹಾಕುತ್ತಿದ್ದಾಗ ಬಂದ. ಗುಂಡಿ ಹಿಡಿದು ನಮ್ಮ ಕಡೆಗೆ ತಿರುಗಿಸಿದ. ಕೂದಲೆಳೆಯಲ್ಲ, ಇನ್ನು ತಿರುಗುವುದಿಲ್ಲ ಅನ್ನುವವರೆಗೆ.

"ಮಲಗಿರೋನ್ಗೆ ಚೆಂದಾಗಿ ಕೇಳ್ಲಿ ಕಣವ್ವ. ನನ್ಗೇನು, ದಿನಾ ಕೇಳೋದು ಇದ್ದುದ್ದೇಯ."

ಹೋದವನು ಐದು ನಿಮಿಷದಲ್ಲಿ ತಿರುಗಿ ಬಂದ. ಸದ್ದಿಲ್ಲದೆ ಕೂರಲು ಸಿದ್ಧನಾಗಿ ಹೋದವನ ಪಡಸಾಲೆಯಲ್ಲಿ ಬಾಕ್ಸು ಎಂದಿನಂತೆ ಹಾಡುತ್ತಿತ್ತು. ಗುಂಡಿಯನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ, ತನ್ನ ಬಾಗಿಲಿಗೆ ಹೋಗಿ ಕಿವಿಗೊಟ್ಟ, ಬಂದು ಮತ್ತೆ ತಿರುಗಿಸಿದ.

"ಏನ್ ಮಗ ಇದು?"

ಅಜ್ಜಿ ಮೊರದಿಂದ ತಲೆ ಎತ್ತಲಿಲ್ಲ. ಅಂಗಳದಲ್ಲಿ ಮಿಕ್ಕಿದ್ದ ಇಟ್ಟಿಗೆ ನನ್ನ ಕಣ್ಣಿಗೆ ಕಟ್ಟಿತು. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಹೇಳಿಬಿಟ್ಟೆ. ಸವೆದ ಪಟ್ಟಿ, ಎರಡು ತಂತಿ, ಅದರಲ್ಲಿ ಒಂದು ನಾನು ಹಾಕಿದ್ದು, ಎಲ್ಲ.

"ಅಂದ್ರೆ ಈ ಒಂದ್ ವರ್ಸ ನಾನು ತಿರುಗಿಸ್ದಾಗೆಲ್ಲ?"

"ಏನೂ ಆಗ್ತಿರಲಿಲ್ಲ ದೊಡ್ಡಪ್ಪ."

"ಅವ್ನು ತಿರುಗಿಸ್ದಾಗ?"

"ಆಗ್ಲೂ ಇಲ್ಲ."

ದೊಡ್ಡಪ್ಪ ತಾಯಿಯ ಕಡೆ ನೋಡಿದ. ಬಯ್ಯುತ್ತಾನೆ ಅಂದುಕೊಂಡೆ. ಅವನು ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತುಬಿಟ್ಟ, ಭುಜ ಅಲ್ಲಾಡುತ್ತಿತ್ತು. ಅದು ನಗುವೋ ಅಳುವೋ ನನಗೆ ಗೊತ್ತಾಗಲಿಲ್ಲ. ಅಜ್ಜಿ ಮೊರದಲ್ಲಿದ್ದ ಕೈಯನ್ನೇ ಅವನ ತಲೆಯ ಮೇಲೆ ಇಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಅವನು ಎದ್ದು, ಗುಂಡಿ ಹಿಡಿದು, ಈ ಸಲ ತನ್ನ ಕಡೆಗೆ ತುದಿಮುಟ್ಟ ತಿರುಗಿಸಿ ಇಟ್ಟ.

"ಅವ್ನಿಗೆ ಯೋಳ್ಬ್ಯಾಡ ಕಣೆ. ಇಂಗೇ ಇರ್ಲಿ. ಎದ್ ಬಂದು ಅವ್ನೇ ತಿರುಗಿಸ್ಕಳ್ಲಿ."

ಅಪ್ಪ ಎದ್ದದ್ದು ನಾಲ್ಕನೆಯ ವಾರ. ಬೆಳಿಗ್ಗೆ ಗಂಜಿ ಕುಡಿದವನು ಗೋಡೆ ಹಿಡಿದುಕೊಂಡು, ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡು, ನಡುಕೋಣೆಯವರೆಗೆ ಬಂದ. ಗುಂಡಿ ಎಲ್ಲಿ ನಿಂತಿದೆ ಎಂದು ನೋಡಿದ. ಕೆನ್ನೆ ಬತ್ತಿದ ಮುಖದಲ್ಲಿ ಎಷ್ಟೋ ದಿನದ ಮೇಲೆ ಸಿಟ್ಟು ಕಂಡಿತು.

"ನೋಡ್ದಾ ಅವ್ವ, ನಾನು ಮಲಗಿದ್ರೂ ಬುಟ್ಟಿಲ್ಲ ಇವ್ನು."

 ಎರಡು ಬೆರಳಿನಿಂದ ಗುಂಡಿ ಹಿಡಿದು ಮೆಲ್ಲಗೆ ನಮ್ಮ ಕಡೆಗೆ ತಿರುಗಿಸತೊಡಗಿದ. ಆ ಕಡೆಯ ಬಾಗಿಲಿಗೆ ದೊಡ್ಡಪ್ಪ ಯಾವಾಗ ಬಂದನೋ, ಚೌಕಟ್ಟಿಗೆ ಒರಗಿ ನಿಂತು ತಮ್ಮನ ಕೈಯನ್ನೇ ನೋಡುತ್ತಿದ್ದ. ಗುಂಡಿ ಅರ್ಧಕ್ಕೆ ಬಂದಾಗ ಅಪ್ಪನ ಕೈ ಸೋತು ನಿಂತಿತು. ದೊಡ್ಡಪ್ಪ ಅಜ್ಜಿಯ ಕಡೆ ತಿರುಗಲಿಲ್ಲ. ನೇರವಾಗಿ ಅಪ್ಪನಿಗೇ ಹೇಳಿದ.

"ಇನ್ನೂ ವಸಿ ತಿರುಗ್ಸು ಕಣ್ಲಾ. ಸಾಲ್ದು."